ಗಣಿತಕ್ಕೆ ಭಾಷೆ ಇಲ್ಲವೆಂದವರು ಯಾರು?

"ಕನ್ನಡ ಪಾಠಕ್ಕೆ ಕನ್ನಡ ಬಲ್ಲ ಅಧ್ಯಾಪಕರು ಬೇಕು, ಒಪ್ಪುತ್ತೇನೆ. ಸಮಾಜ ಪಾಠಕ್ಕೂ ಬೇಕೆನ್ನಿ. ಆದರೆ ಗಣಿತಕ್ಕೆ ಯಾಕೆ? ಎರಡಕ್ಕೆ ಎರಡು ಕೂಡಿದರೆ ನಾಲ್ಕಾಗಲು ಯಾವ ಭಾಷೆಯ ಅಪ್ಪಣೆ ಬೇಕು?"

ಗಡಿನಾಡಿನ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಈ ಮಾತನ್ನು ಕೇಳಿದೆ. ಹೇಳಿದವರು ಅಧಿಕಾರಿ. ಅದರಲ್ಲಿ ನನಗೇನೂ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾದದ್ದು ಮತ್ತು ದುಃಖವಾದದ್ದು, ಆ ಮಾತಿಗೆ ತಲೆದೂಗಿದವರು ನಮ್ಮವರೇ ಎಂಬುದಕ್ಕೆ. ತಲೆಮಾರುಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿದ ಮನೆತನಗಳ ತಂದೆತಾಯಿಗಳು, "ಹೌದಲ್ಲ, ಲೆಕ್ಕಕ್ಕೆ ಭಾಷೆ ಎಲ್ಲಿಯದು?" ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂವತ್ತೊಂದು ವರ್ಷ ಇದೇ ನೆಲದಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದ ನಾನು ಆ ದಿನ ಎದ್ದು ನಿಂತು ಉತ್ತರ ಹೇಳಬೇಕಿತ್ತು. ಹೇಳಲಿಲ್ಲ. ಆ ಬಾಕಿಯನ್ನು ಈ ಪುಟಗಳಲ್ಲಿ ತೀರಿಸುತ್ತಿದ್ದೇನೆ.

ಗಣಿತಕ್ಕೆ ಭಾಷೆ ಇಲ್ಲ ಎಂಬ ಮಾತು ಅರ್ಧಸತ್ಯ. ಏಳೆಂಟಲ ಐವತ್ತಾರು ಎಂಬುದು ಮಂಜೇಶ್ವರದಲ್ಲೂ ಮಾಸ್ಕೋದಲ್ಲೂ ಒಂದೇ ಎಂಬ ಮಟ್ಟಿಗೆ ಅದು ನಿಜ. ಆದರೆ ಅದು ಉತ್ತರದ ಮಾತಾಯಿತು. ಮಗು ಶಾಲೆಗೆ ಹೋಗುವುದು ಉತ್ತರ ತರುವುದಕ್ಕಲ್ಲ, ದಾರಿ ಕಲಿಯುವುದಕ್ಕೆ. ದಾರಿ ಹೇಳುವುದು ಭಾಷೆಯಲ್ಲಿ, ಕೇಳುವುದು ಭಾಷೆಯಲ್ಲಿ, ತಪ್ಪಿದಾಗ "ನನಗೆ ಇಲ್ಲಿ ಗೊತ್ತಾಗಲಿಲ್ಲ" ಎನ್ನುವುದೂ ಭಾಷೆಯಲ್ಲಿ.

ಒಂದು ಸಂಜೆಯ ಕಥೆ ಹೇಳುತ್ತೇನೆ. ನೆರೆಮನೆಯ ಹುಡುಗಿ ಏಳನೆಯ ತರಗತಿ. ಆಗಾಗ ಪುಸ್ತಕ ಹಿಡಿದುಕೊಂಡು ನಮ್ಮ ಜಗಲಿಗೆ ಬರುತ್ತಾಳೆ. ಅಂದು ಬಂದವಳು ಮನೆಲೆಕ್ಕವೊಂದನ್ನು ಮುಂದಿಟ್ಟು ಕೇಳಿದಳು: "ಅಜ್ಜ, ಇದರಲ್ಲಿ ಎರಡು ವರ್ಷ ಅಂತಲೂ ಉಂಟು, ಹತ್ತು ಶತಮಾನ ಅಂತಲೂ ಉಂಟು. ಬಡ್ಡಿಗೆ ಕಾಲ ಯಾವುದು ಹಿಡಿಯಬೇಕು?"

ನನಗೆ ಒಮ್ಮೆಗೇ ತಿಳಿಯಲಿಲ್ಲ. ನೋಡಿದರೆ ವಿಷಯ ಇಷ್ಟು. ಅಧ್ಯಾಪಕರು ಪುಸ್ತಕದ ಹೊರಗಿನ ಲೆಕ್ಕವೊಂದನ್ನು ತಮಗೆ ಬರುವ ಮಲಯಾಳದಲ್ಲಿ ಹೇಳಿ ಬರೆಸಿದ್ದಾರೆ. ಐದು ಸಾವಿರ ರೂಪಾಯಿ, 'ಪತ್ತು ಶತಮಾನಂ ಪಲಿಶ', ಎರಡು ವರ್ಷ. ಮಲಯಾಳದಲ್ಲಿ 'ಶತಮಾನಂ' ಎಂದರೆ ನಮ್ಮ ಶೇಕಡಾ. 'ಪಲಿಶ' ಎಂದರೆ ಬಡ್ಡಿ. ಪಲಿಶ ಏನೆಂದು ಹುಡುಗಿ ಗೆಳತಿಯನ್ನು ಕೇಳಿ ತಿಳಿದುಕೊಂಡಿದ್ದಾಳೆ. ಆದರೆ ಶತಮಾನ ಏನೆಂದು ಯಾರನ್ನಾದರೂ ಯಾಕೆ ಕೇಳಬೇಕು? ಅದು ಅವಳಿಗೆ ಗೊತ್ತಿರುವ ಕನ್ನಡ ಶಬ್ದ. ನೂರು ವರ್ಷ! ಹತ್ತು ಶತಮಾನವೆಂದರೆ ಸಾವಿರ ವರ್ಷದ ಬಡ್ಡಿ!

"ಶೇಕಡಾ ಹತ್ತು ಮಗೂ" ಎಂದೆ. ಪೆನ್ಸಿಲು ಎತ್ತಲೇ ಇಲ್ಲ ಅವಳು. "ಓ! ಹಾಗಾದರೆ ವರ್ಷಕ್ಕೆ ಐನೂರು, ಎರಡು ವರ್ಷಕ್ಕೆ ಸಾವಿರ" ಎಂದಳು.

ಈಗ ಹೇಳಿ, ಈ ಹುಡುಗಿಗೆ ಬಾರದೆ ಹೋದದ್ದು ಗಣಿತವೇ? ನಾಳೆ ಆ ಲೆಕ್ಕಕ್ಕೆ ಸೊನ್ನೆ ಬಿದ್ದಿದ್ದರೆ ಅವಳ ಪ್ರಗತಿಪತ್ರದಲ್ಲಿ 'ಮಲಯಾಳ ಅರ್ಥವಾಗಲಿಲ್ಲ' ಎಂದು ಬರೆಯುತ್ತಿದ್ದರೇ? ಇಲ್ಲ, 'ಗಣಿತದಲ್ಲಿ ಹಿಂದೆ' ಎಂದೇ ಬರೆಯುತ್ತಿದ್ದರು. ಮನೆಯವರೂ ಅದನ್ನೇ ನಂಬುತ್ತಿದ್ದರು. ಎಲ್ಲಕ್ಕಿಂತ ಕೆಟ್ಟದ್ದು, ಅವಳೂ ಅದನ್ನೇ ನಂಬುತ್ತಿದ್ದಳು.

ಇದೊಂದೇ ಶಬ್ದವಲ್ಲ. ಮಲಯಾಳದ 'ಚತುರಂ' ಎಂದರೆ ಆಯತ, 'ಸಮಚತುರಂ' ಎಂದರೆ ಚೌಕ. ನಮ್ಮ ಮಗುವಿಗೆ ಚತುರನೆಂದರೆ ಜಾಣ. ಸ್ವಲ್ಪ ಓದಿದ ಮಗುವಿಗೆ ಚತುರ್ಭುಜದ ನೆನಪಾದೀತು, ಆದರೆ ಎಲ್ಲ ಚತುರ್ಭುಜವೂ ಆಯತವಲ್ಲವಲ್ಲ! ಆಕೃತಿಯ ಬಾಹುವಿಗೆ ಅಲ್ಲಿ 'ವಶಂ' ಎನ್ನುತ್ತಾರೆ. ನಮಗೆ ವಶವೆಂದರೆ ಹಿಡಿತ, ಸ್ವಾಧೀನ.

ಇನ್ನು ಸಂಖ್ಯೆಗಳ ಹೆಸರನ್ನೇ ನೋಡಿ. ಕನ್ನಡದಲ್ಲಿ ಎಂಬತ್ತರ ನಂತರ ತೊಂಬತ್ತು, ಎಂಟುನೂರರ ನಂತರ ಒಂಬೈನೂರು. ಹತ್ತರ ಗುಂಪಿನ ಹೆಸರಿನಲ್ಲಿ ಹತ್ತು ಕೇಳುತ್ತದೆ, ನೂರರ ಗುಂಪಿನ ಹೆಸರಿನಲ್ಲಿ ನೂರು ಕೇಳುತ್ತದೆ. ಮಲಯಾಳದಲ್ಲಿ ತೊಂಬತ್ತಕ್ಕೆ 'ತೊಣ್ಣೂರ್', ಒಂಬೈನೂರಕ್ಕೆ 'ತೊಳ್ಳಾಯಿರಂ'. ತೊಂಬತ್ತರ ಬಾಲದಲ್ಲಿ ನೂರು, ಒಂಬೈನೂರರ ಬಾಲದಲ್ಲಿ ಸಾವಿರ! ತೊಂಬತ್ತೈದು ಅಲ್ಲಿ 'ತೊಣ್ಣೂಟ್ಟಿ ಅಂಜ್', ನೂರೈದು 'ನೂಟ್ಟಿ ಅಂಜ್'. ಅಧ್ಯಾಪಕರು ವೇಗವಾಗಿ ಹೇಳಿಕೊಂಡು ಹೋದರೆ ಹಿಂದಿನ ಬೆಂಚಿನ ಕನ್ನಡದ ಮಗು ಯಾವುದನ್ನು ಬರೆದೀತು? ದೋಷ ಮಲಯಾಳದ್ದಲ್ಲ. ಆ ಭಾಷೆಯಲ್ಲಿ ಹುಟ್ಟಿ ಬೆಳೆದ ಮಗುವಿಗೆ ಅದು ಎದೆಹಾಲಿನಷ್ಟು ಸಹಜ. ನಮ್ಮ ಮಗುವಿಗೆ ಹಾಗಲ್ಲ ಎಂಬುದಷ್ಟೇ ನನ್ನ ವಾದ.

1977ರಲ್ಲಿ ಆಸ್ಟ್ರೇಲಿಯದ ಆ್ಯನ್ ನ್ಯೂಮನ್ ಎಂಬ ಅಧ್ಯಾಪಕಿ ಒಂದು ಸರಳ ವಿಚಾರ ಹೇಳಿದರು. ಮಾತಿನಲ್ಲಿ ಕೊಟ್ಟ ಲೆಕ್ಕವನ್ನು ಬಿಡಿಸಲು ಮಗು ಐದು ಮೆಟ್ಟಿಲು ಹತ್ತಬೇಕು: ಓದುವುದು, ಅರ್ಥ ಮಾಡಿಕೊಳ್ಳುವುದು, ಯಾವ ಕ್ರಿಯೆ ಮಾಡಬೇಕೆಂದು ನಿಶ್ಚಯಿಸುವುದು, ಕ್ರಿಯೆ ಮಾಡುವುದು, ಉತ್ತರವನ್ನು ಸರಿಯಾಗಿ ಬರೆಯುವುದು. ಕೂಡುವುದು, ಕಳೆಯುವುದು ಬರುವುದು ನಾಲ್ಕನೆಯ ಮೆಟ್ಟಿಲಿನಲ್ಲಿ. ಅದಕ್ಕೆ ಮೊದಲೇ ಕಾಲು ಜಾರುವ ಮಕ್ಕಳು ಬಹಳ. ನಮ್ಮ ಹುಡುಗಿ ಜಾರಿದ್ದು ಎರಡನೆಯ ಮೆಟ್ಟಿಲಿನಲ್ಲಿ. ನಾವು ಮಾತ್ರ ನಾಲ್ಕನೆಯ ಮೆಟ್ಟಿಲಿಗೆ ಎಣ್ಣೆ ಬತ್ತಿ ಹಿಡಿದುಕೊಂಡು ಹುಡುಕುತ್ತಿದ್ದೇವೆ.

ಗಣಿತ ಕಲಿಸುವ ರೀತಿಯ ಬಗ್ಗೆ ನಮ್ಮಲ್ಲಿ ಜಗಳವೇನೋ ಬೇಕಾದಷ್ಟಿದೆ. ಒಂದು ಕಡೆ ಮಗ್ಗಿಯ ಪಕ್ಷ. "ನಮ್ಮ ಕಾಲದಲ್ಲಿ ಇಪ್ಪತ್ತರವರೆಗೆ ಮಗ್ಗಿ, ಮೇಲೆ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಪಾಠ. ಈಗಿನ ಮಕ್ಕಳಿಗೆ ಏಳರ ಮಗ್ಗಿ ಬರುವುದಿಲ್ಲ" ಎಂದು ಹಳಬರು ಹಣೆ ಚಚ್ಚಿಕೊಳ್ಳುತ್ತಾರೆ. ಇನ್ನೊಂದು ಕಡೆ ಚಟುವಟಿಕೆಯ ಪಕ್ಷ. "ಬಾಯಿಪಾಠ ಗಿಳಿಪಾಠ. ಮಗು ತಾನೇ ಮಾಡಿ, ತಾನೇ ಕಂಡುಕೊಳ್ಳಬೇಕು" ಎನ್ನುತ್ತಾರೆ. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಆರಂಭವಾದಾಗ ಕೇರಳದಲ್ಲಿ ಮೊದಲು ಆರಿಸಲ್ಪಟ್ಟ ಮೂರು ಜಿಲ್ಲೆಗಳಲ್ಲಿ ನಮ್ಮ ಕಾಸರಗೋಡೂ ಒಂದು. ಉಳಿದೆರಡು ವಯನಾಡು ಮತ್ತು ಮಲಪ್ಪುರಂ. ಹೊಸ ರೀತಿಯ ಪಾಠ ಬಂತು, ಮಕ್ಕಳು ಗುಂಪಾಗಿ ಕುಳಿತರು, ಹುಣಿಸೆ ಬೀಜ, ತೆಂಗಿನ ಗರಿಯ ಕಡ್ಡಿಗಳು ಮೇಜಿನ ಮೇಲೆ ಬಂದವು. ಅಂದಿನ ವಾದವಿವಾದ ಎಷ್ಟೋ ಅಧ್ಯಾಪಕರ ಸ್ನೇಹವನ್ನೇ ಮುರಿಯಿತು. ನಾನು ಆಗ ಮಗ್ಗಿಯ ಪಕ್ಷದಲ್ಲಿದ್ದೆ, ಬೆತ್ತ ಹಿಡಿದುಕೊಂಡೇ ಇದ್ದೆ. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ.

ಈ ಜಗಳ ನಮ್ಮ ಊರಿನದ್ದೇನಲ್ಲ. ಅಮೆರಿಕದಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ 1922ರಲ್ಲೇ ಅಂಕಗಣಿತದ ಮನಃಶಾಸ್ತ್ರ ಬರೆದು, ಕಲಿಕೆ ಎಂದರೆ ಪ್ರಶ್ನೆಗೂ ಉತ್ತರಕ್ಕೂ ನಡುವೆ ಗಂಟು ಬಿಗಿಯುವುದು, ಗಂಟು ಬಿಗಿಯಾಗಬೇಕಾದರೆ ಅಭ್ಯಾಸ ಬೇಕು ಎಂದ. ವಿಲಿಯಂ ಬ್ರೌನೆಲ್ 1935ರಲ್ಲಿ ಅದಕ್ಕೆ ಎದುರು ನಿಂತು, ಅರ್ಥವಿಲ್ಲದ ಅಭ್ಯಾಸದಿಂದ ಮಗು ಹಳೆಯ ರೀತಿಯನ್ನು ಬಿಡುವುದಿಲ್ಲ, ಅದನ್ನೇ ವೇಗವಾಗಿ ಮಾಡುತ್ತದೆ, ಅಷ್ಟೇ ಎಂದು ಮೂರನೆಯ ತರಗತಿಯ ಮಕ್ಕಳನ್ನು ಪರೀಕ್ಷಿಸಿ ತೋರಿಸಿದ. ಬೆರಳೆಣಿಸುವ ಮಗು ಇನ್ನೂ ಬೇಗ ಬೆರಳೆಣಿಸಲು ಕಲಿಯುತ್ತದೆ! ನನ್ನ ಬೆತ್ತದ ಕೆಲಸವೂ ಬಹುಮಟ್ಟಿಗೆ ಇದೇ ಆಗಿತ್ತೆಂದು ಈಗ ಅನಿಸುತ್ತದೆ.

ಉತ್ತರ ಸರಿಯಿದ್ದರೆ ಸಾಕು ಎನ್ನುವವರು ಬೆನ್ನಿ ಎಂಬ ಹುಡುಗನ ಕಥೆಯನ್ನು ಕೇಳಬೇಕು. 1973ರಲ್ಲಿ ಸ್ಟ್ಯಾನ್ಲಿ ಅರ್ಲ್‌ವಾಂಗರ್ ಬರೆದ ಲೇಖನದಿಂದ ಪ್ರಸಿದ್ಧನಾದ ಹನ್ನೆರಡು ವರ್ಷದ ಹುಡುಗ ಅವನು. ಅವನ ಶಾಲೆಯಲ್ಲಿ ಪ್ರತಿ ಮಗುವೂ ತಾನೇ ಹಾಳೆ ಬಿಡಿಸಿ, ಉತ್ತರ ತಾಳೆ ನೋಡಿಸಿಕೊಂಡು ಮುಂದೆ ಹೋಗುವ ಏರ್ಪಾಡು. ಬೆನ್ನಿ ಸಲೀಸಾಗಿ ಮುಂದೆ ಹೋಗುತ್ತಿದ್ದ, ಜಾಣನೆನಿಸಿಕೊಂಡಿದ್ದ. ಅವನೊಡನೆ ಕುಳಿತು ಮಾತಾಡಿದಾಗ ತಿಳಿದದ್ದೇನು? ಹತ್ತನೆಯ ಎರಡು ಭಾಗವನ್ನು ದಶಮಾಂಶದಲ್ಲಿ ಬರೆ ಎಂದರೆ ಎರಡನ್ನೂ ಹತ್ತನ್ನೂ ಕೂಡಿ 1.2 ಎನ್ನುತ್ತಿದ್ದ! ಗಣಿತವೆಂದರೆ ಯಾರೋ ಮಾಡಿಟ್ಟ ನಿಯಮಗಳ ರಾಶಿ, ಹೊಂದುವ ನಿಯಮ ಸಿಗುವವರೆಗೆ ಹುಡುಕುತ್ತಿರಬೇಕು ಎಂಬುದೇ ಅವನ ತಿಳುವಳಿಕೆ. ಅದು ಯಾರಿಗೂ ಗೊತ್ತಾಗಿರಲಿಲ್ಲ. ಯಾಕೆಂದರೆ ಅಲ್ಲಿಯವರೆಗೆ ಯಾರೂ ಅವನನ್ನು ಕೂರಿಸಿಕೊಂಡು "ಹೇಗೆ ಮಾಡಿದೆಯಪ್ಪಾ?" ಎಂದು ಕೇಳಿರಲಿಲ್ಲ. 1976ರಲ್ಲಿ ರಿಚರ್ಡ್ ಸ್ಕೆಂಪ್ ಇದೇ ವ್ಯತ್ಯಾಸಕ್ಕೆ ಹೆಸರಿಟ್ಟ. ನಿಯಮ ಗೊತ್ತಿರುವುದು ಒಂದು ತರದ ಅರಿವು, ಆ ನಿಯಮ ಯಾಕೆಂದು ಗೊತ್ತಿರುವುದು ಇನ್ನೊಂದು ತರದ ಅರಿವು.

ಓದುಗರೇ, "ಹೇಗೆ ಮಾಡಿದೆ?" ಎಂಬ ಪ್ರಶ್ನೆಯನ್ನು ಮಗುವಿಗೆ ಕೇಳಬೇಕಾದರೆ, ಮತ್ತು ಮಗು ತೊದಲುತ್ತಾ ಹೇಳುವ ಉತ್ತರವನ್ನು ಗ್ರಹಿಸಬೇಕಾದರೆ, ಅಧ್ಯಾಪಕರಿಗೆ ಆ ಮಗುವಿನ ಮಾತು ಬರಬೇಡವೇ?

ಹೊಸ ಶಿಕ್ಷಣ ಸಿದ್ಧಾಂತಗಳೆಲ್ಲ ಈ ಒಂದು ಕಂಬದ ಮೇಲೆ ನಿಂತಿವೆ. ರಷ್ಯದ ವೈಗೋಟ್‌ಸ್ಕಿ ತೀರಿಕೊಂಡದ್ದು 1934ರಲ್ಲಿ. ಅದೇ ವರ್ಷ ಹೊರಬಂದ ಅವನ ಗ್ರಂಥದ ವಿಷಯವೇ ಚಿಂತನೆ ಮತ್ತು ಮಾತು. ಮಗು ಒಬ್ಬನೇ ಮಾಡಲಾರದ್ದನ್ನು ಬಲ್ಲವರ ಆಸರೆಯಿಂದ ಮಾಡಬಲ್ಲದು, ಆ ಆಸರೆ ಬಹುಮಟ್ಟಿಗೆ ಮಾತಿನದ್ದು, ಹೊರಗೆ ಆಡಿದ ಮಾತೇ ಕ್ರಮೇಣ ಒಳಗಿನ ವಿಚಾರವಾಗುತ್ತದೆ ಎಂದವನು ಅವನು. 1966ರಲ್ಲಿ ಜೆರೋಮ್ ಬ್ರೂನರ್, ಕಲಿಕೆ ಕೈಯಿಂದ ಚಿತ್ರಕ್ಕೆ, ಚಿತ್ರದಿಂದ ಚಿಹ್ನೆಗೆ ಸಾಗುತ್ತದೆ ಎಂದ. ಕೈಯಲ್ಲಿರುವ ಹುಣಿಸೆ ಬೀಜದಿಂದ ಕರಿಹಲಗೆಯ ಮೇಲಿನ ಅಂಕಿಗೆ ಮಗುವನ್ನು ದಾಟಿಸುವ ಸಂಕ ಯಾವುದು? ಮಾತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವಿನ ಆಲೋಚನೆಯನ್ನೇ ಗಣಿತೀಯಗೊಳಿಸುವುದು ಗುರಿ ಎಂದಿತು. 2007ರ ಕೇರಳ ಪಠ್ಯಕ್ರಮ ಚೌಕಟ್ಟು, ಜ್ಞಾನವನ್ನು ಮಗು ಇತರರೊಡನೆ ಸೇರಿ ಕಟ್ಟಿಕೊಳ್ಳುತ್ತದೆ ಎಂಬ ತತ್ತ್ವವನ್ನು ಒಪ್ಪಿಕೊಂಡಿತು. ಗುಂಪಿನಲ್ಲಿ ಚರ್ಚಿಸು, ನಿನ್ನ ದಾರಿಯನ್ನು ವಿವರಿಸು, ಗೆಳೆಯನ ದಾರಿಯನ್ನು ಪ್ರಶ್ನಿಸು. ಬಹಳ ಒಳ್ಳೆಯದು! ನಾನು ಇಂದು ಇದನ್ನು ಮನಸಾರೆ ಒಪ್ಪುತ್ತೇನೆ.

ಆದರೆ ಒಂದು ಕೈಯಲ್ಲಿ ಈ ಪದ್ಧತಿಯನ್ನು ಕೊಟ್ಟು, ಇನ್ನೊಂದು ಕೈಯಲ್ಲಿ ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ಕಳುಹಿಸುವುದು ಎಂಥ ನ್ಯಾಯ? ದೋಣಿ ಕೊಟ್ಟು ಹುಟ್ಟು ಕಸಿದುಕೊಂಡಂತೆ! ಹಳೆಯ ಮಗ್ಗಿಯ ಪದ್ಧತಿಯಲ್ಲಾದರೆ ಅಧ್ಯಾಪಕರಿಗೆ ಮಗುವಿನ ಭಾಷೆ ಬಾರದಿದ್ದರೂ ಹೇಗೋ ನಡೆಯುತ್ತಿತ್ತು. ಹಲಗೆಯ ಮೇಲಿನ ಅಂಕಿಗಳನ್ನು ನೋಡಿ ಬರೆದುಕೊಂಡರಾಯಿತು. ಪದ್ಧತಿ ಮಾತನ್ನು ಹೆಚ್ಚು ಹೆಚ್ಚು ನೆಚ್ಚಿದಷ್ಟೂ ಮಾತು ಕಳೆದುಕೊಂಡ ಮಗು ಹೆಚ್ಚು ಹೆಚ್ಚು ಸೋಲುತ್ತದೆ. ಬಹುಸಂಖ್ಯಾತರ ಮಗುವಿಗೆ ರೆಕ್ಕೆಯಾದ ಸುಧಾರಣೆ ನಮ್ಮ ಮಗುವಿನ ಕಾಲಿಗೆ ಕಲ್ಲಾಗುತ್ತದೆ. ನಮ್ಮ ಎರಡು ಪಕ್ಷದವರೂ ಇಷ್ಟು ವರ್ಷ ಜಗಳವಾಡಿ ಈ ಒಂದು ಮಾತನ್ನು ಮಾತ್ರ ಆಡಲಿಲ್ಲ. ಮಗ್ಗಿಯೋ ಚಟುವಟಿಕೆಯೋ ಎಂಬುದು ನಮಗೆ ಎರಡನೆಯ ಪ್ರಶ್ನೆ. ಯಾವ ನಾಲಗೆಯಲ್ಲಿ ಎಂಬುದು ಮೊದಲನೆಯದು.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ಆ ಯುವ ಅಧ್ಯಾಪಕರ ಮೇಲೆ ನನಗೆ ಸಿಟ್ಟಿಲ್ಲ. ತೆಂಕಣ ಜಿಲ್ಲೆಯಿಂದ ಬಂದವರು, ಶ್ರದ್ಧೆಯವರು. ಮಕ್ಕಳ ಕಣ್ಣಲ್ಲಿ ಬೆಳಕು ಕಾಣದಿದ್ದಾಗ ಅವರಿಗೂ ಸಂಕಟವಾಗುತ್ತದೆ. ತಪ್ಪು, ಹುದ್ದೆಗೆ 'ಕನ್ನಡ ಮಾಧ್ಯಮ' ಎಂದು ಹೆಸರಿಟ್ಟು ಆ ಹೆಸರಿನ ಅರ್ಥವನ್ನು ಮರೆತ ವ್ಯವಸ್ಥೆಯದ್ದು. ಇಂಥ ನೇಮಕಗಳ ವಿರುದ್ಧ ಮಕ್ಕಳು, ಹೆತ್ತವರು ಬೀದಿಗಿಳಿದದ್ದನ್ನೂ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದನ್ನೂ ನಾವೆಲ್ಲ ಕಂಡಿದ್ದೇವೆ. ಪಾಠ ಕೇಳಬೇಕಾದ ಮಗು ಘೋಷಣೆ ಕೂಗಬೇಕಾಗಿ ಬಂದದ್ದು ಯಾರಿಗೂ ಹೆಮ್ಮೆಯ ವಿಷಯವಲ್ಲ.

ಮನೆಯ ಮಾತಿನಲ್ಲಿ ಎಷ್ಟು ಗಣಿತ ಅಡಗಿದೆ ಎಂಬುದಕ್ಕೆ ದೂರದ ಬ್ರೆಜಿಲಿನ ಒಂದು ಸಾಕ್ಷ್ಯವುಂಟು. ಅಲ್ಲಿಯ ರೆಸೀಫೆ ನಗರದ ಬೀದಿಯಲ್ಲಿ ವ್ಯಾಪಾರ ಮಾಡುವ ಐದು ಮಕ್ಕಳನ್ನು ಟೆರೆಜಿನ್ಯಾ ಕ್ಯಾರಹರ್, ಡೇವಿಡ್ ಕ್ಯಾರಹರ್ ಮತ್ತು ಅನಲೂಸಿಯಾ ಶ್ಲೀಮನ್ ಎಂಬ ಸಂಶೋಧಕರು ಪರೀಕ್ಷಿಸಿ 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೀದಿಯ ವ್ಯಾಪಾರದಲ್ಲಿ ಆ ಮಕ್ಕಳ ಉತ್ತರ ಶೇಕಡಾ 98.2ರಷ್ಟು ಸರಿ. ಅದೇ ತರದ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಬರಿಯ ಅಂಕಿಗಳಾಗಿ ಕೊಟ್ಟಾಗ ಶೇಕಡಾ 36.8 ಮಾತ್ರ! ಕಥೆಯ ರೂಪದಲ್ಲಿ ಕೊಟ್ಟಾಗ ಶೇಕಡಾ 73.7. ಅವರಲ್ಲೊಬ್ಬ ಹನ್ನೆರಡು ವರ್ಷದ, ತೆಂಗಿನಕಾಯಿ ಮಾರುವ ಹುಡುಗ. ಕಾಯಿಗೆ 35ರಂತೆ ಹತ್ತು ಕಾಯಿಗೆ ಎಷ್ಟು ಎಂದರೆ, ಮೂರಕ್ಕೆ 105, ಇನ್ನು ಮೂರಕ್ಕೆ 210, ಇನ್ನು ಮೂರಕ್ಕೆ 315, ಮತ್ತೊಂದಕ್ಕೆ ಒಟ್ಟು 350 ಎಂದು ಮನಸ್ಸಿನಲ್ಲೇ ಹೇಳಿದ. ಅದೇ ಅಧ್ಯಯನದಲ್ಲಿ, ಬೀದಿಯಲ್ಲಿ ನಾಲ್ಕು ಕಾಯಿಗೆ 140 ಎಂದು ಸರಿಯಾಗಿ ಹೇಳಿದ ಮಗು ಕಾಗದದ ಮೇಲೆ 35ನ್ನು ನಾಲ್ಕರಿಂದ ಗುಣಿಸಿ 200 ಎಂದು ಬರೆಯಿತು. ದಶಕವನ್ನು ಗುಣಿಸುವ ಮೊದಲೇ ಕೂಡಿಬಿಟ್ಟಿತ್ತು.

ತೆಂಗಿನಕಾಯಿಯ ಲೆಕ್ಕ! ನಮ್ಮ ಅಂಗಳದಲ್ಲಿ ಇದಕ್ಕೆ ಬರಗಾಲವೇ? ಕಾಯಿಯನ್ನು ಎರಡೆರಡಾಗಿ ಎತ್ತಿಹಾಕಿ, ನೂರಾದಾಗಲೆಲ್ಲ ನೆನಪಿಗೆ ಒಂದು ಕಾಯಿಯನ್ನು ಬೇರೆ ಇಡುವ ಅಜ್ಜನ ಪಕ್ಕದಲ್ಲಿ ಕುಳಿತ ಮಗು ಸ್ಥಾನಬೆಲೆಯ ಪಾಠವನ್ನು ಪುಸ್ತಕ ಬಿಡಿಸುವ ಮೊದಲೇ ಕಲಿತಿರುತ್ತದೆ. ಬೇರೆ ಇಟ್ಟ ಆ ಒಂದು ಕಾಯಿ ಒಂದಲ್ಲ, ನೂರು. ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕ ಹೇಳೀತು? ಬೀಡಿ ಕಟ್ಟುವ ಅಮ್ಮನ ಸೂಪಿನ ಬಳಿ ಬೆಳೆದ ಮಗುವಿಗೆ ಇಪ್ಪತ್ತೈದರ ಕಟ್ಟು ನಲವತ್ತಾದರೆ ಸಾವಿರವೆಂದು ಯಾರೂ ಹೇಳಬೇಕಾಗಿಲ್ಲ. ಕಾಲು, ಅರೆ, ಮುಕ್ಕಾಲು ಅದರ ನಾಲಗೆಯ ಮೇಲಿದೆ. ಆದರೆ ಈ ಗಣಿತವೆಲ್ಲ ಮಾತಿನಲ್ಲಿದೆ, ಮನೆಯ ಮಾತಿನಲ್ಲಿದೆ. ಆ ಮಾತು ಶಾಲೆಯ ಗೇಟಿನಲ್ಲಿ ಚಪ್ಪಲಿಯಂತೆ ಕಳಚಿಡಬೇಕಾದರೆ ಅದರೊಡನೆ ಗಣಿತವೂ ಹೊರಗೇ ಉಳಿಯುತ್ತದೆ.

ಇಲ್ಲಿ ಬುದ್ಧಿವಂತರೊಬ್ಬರು ನನ್ನನ್ನು ತಡೆಯುತ್ತಾರೆಂದು ಬಲ್ಲೆ. "ನಿಮ್ಮ ಕನ್ನಡ ಮಾಧ್ಯಮದ ಮಕ್ಕಳ ಮನೆಮಾತು ಕನ್ನಡವೇ? ತುಳು, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ, ಹವ್ಯಕ, ಏನೆಲ್ಲ ಇದೆ. ಅವರಿಗೆ ಪುಸ್ತಕದ ಕನ್ನಡವೂ ಪರಭಾಷೆಯೇ ಅಲ್ಲವೇ?" ಪ್ರಶ್ನೆ ನ್ಯಾಯವಾದದ್ದು, ನಾನು ಜಾರಿಕೊಳ್ಳುವುದಿಲ್ಲ. ಒಂಜಿ, ರಡ್ಡ್, ಮೂಜಿ ಎಂದು ಎಣಿಸುವ ಮಗುವನ್ನು ಒಂದನೆಯ ತರಗತಿಯಲ್ಲಿ ಗದರಿಸಿದ ಕನ್ನಡ ಅಧ್ಯಾಪಕರು ನಮ್ಮಲ್ಲೇ ಇದ್ದರು. ಅವರು ಮಾಡಿದ್ದೂ ಇದೇ ತಪ್ಪು. ಆದರೆ ಈ ನೆಲದ ಕನ್ನಡ ಅಧ್ಯಾಪಕರಿಗೆ ತುಳು ಕಿವಿಗೆ ಬಿದ್ದಿರುತ್ತದೆ. ಮಗು ತುಳುವಿನಲ್ಲಿ ತೊದಲಿದರೆ ಅವರು ಹಿಡಿದುಕೊಳ್ಳಬಲ್ಲರು. ತಲೆಮಾರುಗಳಿಂದ ಇಲ್ಲಿಯ ತುಳುವರಿಗೂ ಕೊಂಕಣಿಗರಿಗೂ ಶಾಲೆಯ, ಪತ್ರವ್ಯವಹಾರದ, ಯಕ್ಷಗಾನದ ಭಾಷೆ ಕನ್ನಡ. ತುಳುವಿನಿಂದ ಕನ್ನಡಕ್ಕೆ ಇರುವ ಸಂಕವನ್ನು ಕಿತ್ತುಹಾಕಿ, ಆಚೆ ದಡದಲ್ಲಿ ಮಲಯಾಳವನ್ನೋ ಇಂಗ್ಲಿಷನ್ನೋ ನಿಲ್ಲಿಸಿ "ಹಾರು" ಎನ್ನುವುದು ಪರಿಹಾರವಲ್ಲ.

ಎರಡು ಭಾಷೆ ಬಲ್ಲ ಮಗು ಹಿಂದುಳಿಯಬೇಕೆಂದೇನೂ ಇಲ್ಲ. ಪಾಪುವಾ ನ್ಯೂಗಿನಿಯ ಮಕ್ಕಳನ್ನು ಅಭ್ಯಸಿಸಿದ ಫಿಲಿಪ್ ಕ್ಲಾರ್ಕ್‌ಸನ್ 1992ರಲ್ಲಿ ಬರೆದಂತೆ, ಎರಡೂ ಭಾಷೆಗಳಲ್ಲಿ ಪಳಗಿದ ಮಕ್ಕಳು ಗಣಿತದಲ್ಲಿ ಮುಂದಿದ್ದರು. ಎರಡರಲ್ಲೂ ಅರೆಬರೆಯಾದವರು ಹಿಂದೆ ಬಿದ್ದರು. ಗಡಿನಾಡಿನ ಮಗು ಈ ಎರಡರಲ್ಲಿ ಯಾವುದಾಗಬೇಕೆಂಬುದು ನಮ್ಮ ಕೈಯಲ್ಲಿದೆ. ಮಲಯಾಳವನ್ನು ಭಾಷೆಯಾಗಿ ಕಲಿಯೋಣ, ಸಂತೋಷದಿಂದ ಕಲಿಯೋಣ. ಈ ವಾರ್ಷಿಕದ ಎರಡು ಲಿಪಿಗಳೂ ಒಂದೇ ಹೊಲಿಗೆಯಲ್ಲಿ ಕುಳಿತಿಲ್ಲವೇ? ಗಣಿತದಲ್ಲೂ ಕೊಡುಕೊಳ್ಳುವುದು ಬೇಕಷ್ಟಿದೆ. ನಮ್ಮ 'ಸುತ್ತಳತೆ' ಅಲ್ಲಿ 'ಚುಟ್ಟಳವ್'. ಕಾಲು, ಅರೆ, ಮುಕ್ಕಾಲು ಅಲ್ಲಿಯೂ ಹೆಚ್ಚುಕಡಿಮೆ ಅವೇ. ಭಿನ್ನರಾಶಿಯ ಅಂಶ, ಛೇದ ಎರಡು ಭಾಷೆಗಳಲ್ಲೂ ಒಂದೇ. ಎರಡನ್ನೂ ಬಲ್ಲ ಅಧ್ಯಾಪಕರು ಇದನ್ನು ಬಂಡವಾಳ ಮಾಡಿಕೊಳ್ಳಬಲ್ಲರು. ಒಂದನ್ನೇ ಬಲ್ಲವರಿಗೆ ಇದು ಕಾಣುವುದೂ ಇಲ್ಲ, ಶತಮಾನದಂಥ ಹೊಂಡವೂ ಕಾಣುವುದಿಲ್ಲ.

ಮಲಯಾಳಿ ಮಿತ್ರರಿಗೆ ನನ್ನ ಒಂದು ವಿನಂತಿ. ಸುಮಾರು 1530ರಲ್ಲಿ ಜ್ಯೇಷ್ಠದೇವನು 'ಯುಕ್ತಿಭಾಷಾ' ಬರೆದ. ಮಾಧವನ ಅನಂತ ಶ್ರೇಣಿಗಳಂಥ ಗಹನ ವಿಷಯ. ಪಂಡಿತರ ಭಾಷೆ ಅಂದು ಸಂಸ್ಕೃತ. ಆದರೂ ಸೂತ್ರ ಹೇಳಿ ನಿಲ್ಲಿಸದೆ, ಅದು ಯಾಕೆ ಹಾಗೆ ಎಂಬ ಯುಕ್ತಿಯನ್ನು ಬಿಡಿಸಿ ಹೇಳಲು ಅವನು ಆರಿಸಿಕೊಂಡದ್ದು ಮಲಯಾಳದ ಗದ್ಯವನ್ನು. ಗಣಿತದ 'ಯಾಕೆ' ತನ್ನ ಭಾಷೆಯಲ್ಲೇ ಬಿಡಿಸಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ನಮ್ಮಲ್ಲಿ ರಾಜಾದಿತ್ಯನು 12ನೆಯ ಶತಮಾನದಲ್ಲೇ (ಇದು ಕನ್ನಡದ ಶತಮಾನ!) 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದ. ಯುಕ್ತಿಭಾಷೆಯ ಬಗ್ಗೆ ಹೆಮ್ಮೆಪಡುವ ನಾಡು, ಅದೇ ಹಕ್ಕನ್ನು ತನ್ನ ಮಡಿಲಿನ ಇನ್ನೊಂದು ಭಾಷೆಯ ಮಕ್ಕಳಿಗೆ ನಿರಾಕರಿಸುವುದು ಶೋಭೆಯೇ?

ನಿರಾಕರಿಸುವ ಅಧಿಕಾರವೂ ಇಲ್ಲ. ನಾವು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದೇ ದಿನ ಜಾರಿಗೆ ಬಂದ ಸಂವಿಧಾನದ ಏಳನೆಯ ತಿದ್ದುಪಡಿ 350ಎ ವಿಧಿಯನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ತಕ್ಕ ಸೌಕರ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾನೂನು ಸಾಧ್ಯವಾದ ಮಟ್ಟಿಗೆ ಮಾತೃಭಾಷೆ ಎಂದಿತು. 2020ರ ರಾಷ್ಟ್ರೀಯ ನೀತಿ ಕಡಿಮೆಯೆಂದರೆ ಐದನೆಯ ತರಗತಿಯವರೆಗೆ ಮನೆಮಾತು ಎಂದಿತು. ಇವುಗಳಲ್ಲಿ ಯಾವುದೂ 'ಗಣಿತವನ್ನು ಬಿಟ್ಟು' ಎಂದು ಹೇಳುವುದಿಲ್ಲ.

ಆದರೆ ಸರಕಾರವನ್ನು ದೂರಿ ಕೈತೊಳೆದುಕೊಳ್ಳುವುದು ನನ್ನ ಉದ್ದೇಶವಲ್ಲ. ನಾವೇನು ಮಾಡುತ್ತಿದ್ದೇವೆ? "ಕನ್ನಡದಲ್ಲಿ ಗಣಿತ ಕಲಿತು ಮುಂದೆ ಏನುಂಟು?" ಎಂದು ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮಾಧ್ಯಮಕ್ಕೆ ಓಡಿಸುತ್ತೇವೆ. ಅಲ್ಲಿ ಮಗು 'ಟೂ ಟೂಸಾರ್ ಫೋರ್' ಎಂದು ಒದರಿದರೆ ಹಿಗ್ಗುತ್ತೇವೆ. ಅದೇ ಹಳೆಯ ಗಿಳಿಪಾಠ, ಟೈ ಕಟ್ಟಿಕೊಂಡು ಬಂದಿದೆ ಅಷ್ಟೇ! ಮಕ್ಕಳು ಕಡಿಮೆಯಾದರೆಂದು ಕನ್ನಡ ವಿಭಾಗದ ಹುದ್ದೆ ಹೋಗುತ್ತದೆ. ಹುದ್ದೆ ಹೋಯಿತೆಂದು ಉಳಿದ ಮಕ್ಕಳೂ ಹೋಗುತ್ತಾರೆ. ಕೊನೆಗೆ ಉಳಿಯುವವರು ಬೇರೆ ದಾರಿಯಿಲ್ಲದ ಬಡವರ ಮಕ್ಕಳು. ಹಬ್ಬದ ದಿನ ವೇದಿಕೆಯಲ್ಲಿ ಕನ್ನಡದ ಉಳಿವಿನ ಭಾಷಣ ಮಾಡುವ ನಮ್ಮಲ್ಲಿ ಎಷ್ಟು ಮಂದಿಯ ಮೊಮ್ಮಕ್ಕಳು ಕನ್ನಡದಲ್ಲಿ ಭಾಗಾಕಾರ ಮಾಡುತ್ತಾರೆ? ನನ್ನ ಮನೆಯ ಲೆಕ್ಕವೂ ಈ ಪ್ರಶ್ನೆಯಲ್ಲಿ ಪಾಸಾಗುವುದಿಲ್ಲ. ಒಪ್ಪಿಕೊಂಡಿದ್ದೇನೆ.

ಹಾಗಾದರೆ ಮಾಡಬೇಕಾದದ್ದೇನು? ನನ್ನ ಬೇಡಿಕೆ ದೊಡ್ಡದಲ್ಲ. ಕನ್ನಡ ಮಾಧ್ಯಮದ ಗಣಿತ ಅಧ್ಯಾಪಕರನ್ನು ಆರಿಸುವಾಗ ಪ್ರಮಾಣಪತ್ರ ನೋಡಿದರೆ ಸಾಲದು. ಮಕ್ಕಳ ಮುಂದೆ ನಿಲ್ಲಿಸಿ ಒಂದು ಭಿನ್ನರಾಶಿಯ ಪಾಠವನ್ನು ಕನ್ನಡದಲ್ಲಿ ಮಾಡಿಸಿ ನೋಡಬೇಕು. ಅಧ್ಯಾಪಕರ ತರಬೇತಿಯೂ ಕೈಪಿಡಿಯೂ ಕನ್ನಡದಲ್ಲಿ ಸಿಗಬೇಕು. ಗಣಿತ ಪುಸ್ತಕದ ಕೊನೆಯಲ್ಲಿ ಎರಡು ಪುಟದ ಒಂದು ಪಟ್ಟಿ ಇರಬೇಕು: ಕನ್ನಡ, ಮಲಯಾಳ, ಇಂಗ್ಲಿಷ್ ಮೂರು ಸಾಲು. ಶೇಕಡಾ ಎಂದರೆ ಶತಮಾನಂ, ಆಯತ ಎಂದರೆ ಚತುರಂ, ಬಾಹು ಎಂದರೆ ವಶಂ, ತೊಂಬತ್ತು ಎಂದರೆ ತೊಣ್ಣೂರ್. ಇದನ್ನು ಸರಕಾರ ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ನಮ್ಮ ನಿವೃತ್ತ ಅಧ್ಯಾಪಕರು ನಾಲ್ಕು ಮಂದಿ ಒಂದು ಜಗಲಿಯಲ್ಲಿ ಕುಳಿತರೆ ಒಂದು ವಾರದಲ್ಲಿ ಮುಗಿಯುವ ಕೆಲಸ.

ಹೆತ್ತವರಿಗೆ ಒಂದೇ ಮಾತು. ಮಗು ಶಾಲೆಯಿಂದ ಬಂದಾಗ "ಲೆಕ್ಕದಲ್ಲಿ ಎಷ್ಟು ಬಂತು?" ಎಂದು ಕೇಳುವ ಬದಲು "ಹೇಗೆ ಮಾಡಿದೆ, ಹೇಳು ನೋಡುವಾ" ಎನ್ನಿ. ತುಳುವಿನಲ್ಲಿ ಹೇಳಲಿ, ಬ್ಯಾರಿಯಲ್ಲಿ ಹೇಳಲಿ, ಕನ್ನಡದಲ್ಲಿ ಹೇಳಲಿ. ನಿಮಗೆ ಆ ಲೆಕ್ಕ ಬಾರದಿದ್ದರೂ ಚಿಂತೆಯಿಲ್ಲ. ತನ್ನ ಮಾತಿನಲ್ಲಿ ಹೇಳುತ್ತಾ ಹೇಳುತ್ತಾ ಮಗು ತನ್ನ ತಪ್ಪನ್ನು ತಾನೇ ಕಂಡುಕೊಳ್ಳುವುದನ್ನು ಮೂವತ್ತೊಂದು ವರ್ಷ ನೋಡಿದ್ದೇನೆ. ಮಗ್ಗಿಯೂ ಇರಲಿ, ಹುಣಿಸೆ ಬೀಜವೂ ಇರಲಿ. ಎರಡರ ನಡುವೆ ಮಾತು ಇರಲಿ.

ಅಂದಿನ ಸಭೆಯ ಆ ಅಧಿಕಾರಿಗೆ ಈಗ ನನ್ನ ಉತ್ತರ ಇಷ್ಟೇ. ಸ್ವಾಮೀ, ಎರಡಕ್ಕೆ ಎರಡು ಕೂಡಿದರೆ ನಾಲ್ಕಾಗಲು ಯಾವ ಭಾಷೆಯೂ ಬೇಡ, ನಿಜ. ಆದರೆ ಅದು ಯಾಕೆ ನಾಲ್ಕು ಎಂದು ಕೇಳಲು ನಮ್ಮ ನೆರೆಮನೆಯ ಹುಡುಗಿಗೆ ಒಂದು ಭಾಷೆ ಬೇಕು. ಆ ಭಾಷೆ ಅವಳಲ್ಲಿದೆ. ಅದನ್ನು ಕೇಳಿಸಿಕೊಳ್ಳಬಲ್ಲವರನ್ನು ಕಳುಹಿಸಿಕೊಡಿ.